ಚಳಿಗಾಲದ ಸೈಕಲ್ ಸವಾರಿಯಲ್ಲಿ ಕೈ ಮರಗಟ್ಟುವುದೇಕೆ: ಕೈಗವಸಿನ ದೋಷ ನಿವಾರಣೆ ಕೈಪಿಡಿ

ಪುತ್ತರಿ ಕಳೆದು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಕೊಡಗಿನ ಬೆಳಗಿನ ರಸ್ತೆಗಳಲ್ಲಿ ಸೈಕಲ್ ತುಳಿಯುವವರ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಮೈ ಬೆಚ್ಚಗಿದೆ, ಕಾಲು ಬೆಚ್ಚಗಿದೆ, ಕೈಬೆರಳು ಮಾತ್ರ ಮರಗಟ್ಟಿದೆ. ಈ ದೂರಿಗೆ ಸಿಗುವ ಸಲಹೆಯೂ ಬಹುಮಟ್ಟಿಗೆ ಒಂದೇ. ಇನ್ನಷ್ಟು ದಪ್ಪನೆಯ, ನೀರು ನುಗ್ಗದ ಕೈಗವಸು ಕೊಳ್ಳಿ ಎನ್ನುತ್ತಾರೆ. ಆ ಸಲಹೆ ಕೆಲವರಿಗೆ ಹೊಂದುತ್ತದೆ, ಹಲವರಿಗೆ ಹೊಂದುವುದಿಲ್ಲ. ಏಕೆಂದರೆ ಕೈ ತಣ್ಣಗಾಗುವುದಕ್ಕೆ ಹೊರಗಿನಿಂದ ಬಂದ ನೀರು ಕಾರಣವಾಗಿರಬಹುದು, ಒಳಗೇ ಹುಟ್ಟಿದ ಬೆವರು ಕಾರಣವಾಗಿರಬಹುದು, ಬಿಗಿಯಾದ ಅಳತೆ, ಇಳಿಜಾರಿನ ಗಾಳಿ, ಮೈಯಲ್ಲೇ ಶಾಖ ಸಾಲದಿರುವುದು ಅಥವಾ ಮಣಿಕಟ್ಟಿನ ನರದ ಮೇಲೆ ಬೀಳುವ ಒತ್ತಡವೂ ಕಾರಣವಾಗಿರಬಹುದು. ಇವುಗಳಲ್ಲಿ ಒಂದರ ಪರಿಹಾರ ಇನ್ನೊಂದನ್ನು ಉಲ್ಬಣಿಸುವುದುಂಟು. ಬೆವರಿನಿಂದ ಒದ್ದೆಯಾಗುವ ಕೈಗೆ ನೀರೂ ಗಾಳಿಯೂ ಹೋಗದ ದಪ್ಪ ಗವಸನ್ನು ತೊಡಿಸಿದರೆ ಕೈ ಮೊದಲಿಗಿಂತ ಹೆಚ್ಚು ಒದ್ದೆಯಾಗಿ, ಮೊದಲಿಗಿಂತ ಬೇಗ ತಣ್ಣಗಾಗುತ್ತದೆ.

ಆದ್ದರಿಂದ ಹೊಸ ಗವಸಿಗೆ ಹಣ ಕೊಡುವ ಮೊದಲು ಈಗ ಇರುವ ಗವಸನ್ನೇ ಇಟ್ಟುಕೊಂಡು ಕಾರಣವನ್ನು ಪತ್ತೆ ಹಚ್ಚಬೇಕು. ಇದನ್ನು ಬರಿಯ ಸುಖದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಬೆರಳಿನ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೆರಳಿನ ಚುರುಕು ಮತ್ತು ಸ್ಪರ್ಶಜ್ಞಾನ ಎರಡೂ ಎದ್ದುಕಾಣುವಂತೆ ಕುಗ್ಗುತ್ತವೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದಾಗ, ಬ್ರೇಕ್ ಎಷ್ಟು ಹಿಡಿದಿದೆ ಎಂಬುದು ಬೆರಳಿಗೆ ತಿಳಿಯದಿದ್ದರೆ ಆಗುವ ಅಪಾಯವನ್ನು ವಿವರಿಸಬೇಕಾಗಿಲ್ಲ.

ನಮ್ಮ ಊರಿನ ಚಳಿಯ ಸ್ವರೂಪ

ಕೈಗವಸಿನ ಬಗ್ಗೆ ಓದಲು ಸಿಗುವ ಬಹುಪಾಲು ಸಲಹೆಗಳು ಹಿಮ ಬೀಳುವ ನಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಡಿಸೆಂಬರ್ ಮತ್ತು ಜನವರಿಯ ಮುಂಜಾನೆ ಸಾಮಾನ್ಯವಾಗಿ 10ರಿಂದ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ತಿಂಗಳುಗಳಲ್ಲಿ ಮಳೆ ಕಡಿಮೆ. ಆದರೆ ಒಣ ಹವೆ ಎನ್ನುವಂತೆಯೂ ಇಲ್ಲ. ರಾತ್ರಿಯಿಡೀ ಕವಿದ ಮಂಜು ತೋಟದ ಸಿಲ್ವರ್ ಓಕ್ ಎಲೆಗಳಲ್ಲಿ ನೀರಾಗಿ ಕಟ್ಟಿ, ಬೆಳಿಗ್ಗೆ ಸಣ್ಣಗೆ ಗಾಳಿ ಬೀಸಿದಾಗ ರಸ್ತೆಯ ಮೇಲೆ ಹನಿಹನಿಯಾಗಿ ಉದುರುತ್ತದೆ. ಮಳೆಯಿಲ್ಲದ ದಿನವೂ ಹ್ಯಾಂಡಲ್ ಮೇಲಿನ ಕೈ ಒದ್ದೆಯಾಗುವುದು ಹೀಗೆ.

ಇದಕ್ಕಿಂತ ಮುಖ್ಯವಾದದ್ದು ನೆಲದ ಏರಿಳಿತ. ನಮ್ಮಲ್ಲಿ ಸಮತಟ್ಟಾದ ರಸ್ತೆ ಅಪರೂಪ. ಭಾಗಮಂಡಲದಿಂದ ತಲಕಾವೇರಿಗೆ ಸುಮಾರು 8 ಕಿಲೋಮೀಟರ್ ಏರುವಾಗ ವೇಗ ಕಡಿಮೆ, ಶ್ರಮ ಹೆಚ್ಚು, ಕೈ ಬೆವರುತ್ತದೆ. ಅದೇ ದಾರಿಯಲ್ಲಿ ಇಳಿಯುವಾಗ ಶ್ರಮವಿಲ್ಲ, ವೇಗವಿದೆ, ಬೆವರಿದ ಕೈಗೆ ಗಾಳಿ ಹೊಡೆಯುತ್ತದೆ. ಹವಾಮಾನ ಶಾಸ್ತ್ರಜ್ಞರು ಬಳಸುವ ಗಾಳಿಚಳಿಯ ಸೂತ್ರದ ಪ್ರಕಾರ 10 ಡಿಗ್ರಿಯ ಹವೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಮುಚ್ಚಿಲ್ಲದ, ಒಣಗಿದ ಚರ್ಮಕ್ಕೆ ಸುಮಾರು 6 ಡಿಗ್ರಿಯಂತೆ ತೋರುತ್ತದೆ. ಒದ್ದೆ ಕೈಯ ಪಾಡು ಅದಕ್ಕಿಂತ ಕಷ್ಟ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ, ಜೊತೆಗೆ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು, ಅದರಲ್ಲಿ ದೊಡ್ಡ ಪಾಲು ಬೆರಳಿನಿಂದಲೇ ಹೋಗುತ್ತದೆ. ಇದರಿಂದ ನಾನು ತಲುಪಿರುವ ಅಭಿಪ್ರಾಯ ಇಷ್ಟು: ಕೊಡಗಿನ ಚಳಿಗಾಲದಲ್ಲಿ ಕೈಗೆ ಮೊದಲ ಶತ್ರು ಆಕಾಶದ ನೀರಲ್ಲ, ಏರಿನಲ್ಲಿ ಬಂದ ಬೆವರು ಮತ್ತು ಇಳಿಜಾರಿನಲ್ಲಿ ಹೊಡೆಯುವ ಗಾಳಿ. ಇದು ನಿಮ್ಮ ಕೈಯ ಮಟ್ಟಿಗೂ ನಿಜವೇ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಮೊದಲ ಪರೀಕ್ಷೆ: ತೇವ ಒಳಗಿನದೋ ಹೊರಗಿನದೋ

ಔಷಧಿ ಅಂಗಡಿಯಲ್ಲಿ ಸಿಗುವ, ನೀರು ದಾಟದ ತೆಳು ರಬ್ಬರಿನಂಥ ನೈಟ್ರೈಲ್ ಗ್ಲೌಸ್ ಒಂದನ್ನು ಒಂದು ಕೈಗೆ ಮಾತ್ರ ತೊಟ್ಟು, ಅದರ ಮೇಲೆ ನಿಮ್ಮ ಎಂದಿನ ಸೈಕಲ್ ಗವಸನ್ನು ಹಾಕಿಕೊಳ್ಳಿ. ಇನ್ನೊಂದು ಕೈಗೆ ಎಂದಿನ ಗವಸು ಮಾತ್ರ ಇರಲಿ. ನೀವು ದಿನವೂ ಹೋಗುವ ದಾರಿಯಲ್ಲಿ, ದಿನದ ವೇಗದಲ್ಲಿ, ಏರು ಮತ್ತು ಇಳಿಜಾರು ಎರಡೂ ಬರುವಂತೆ ಒಂದು ಗಂಟೆಯಾದರೂ ಸವಾರಿ ಮಾಡಿ. ಮನೆಗೆ ಬಂದ ಕೂಡಲೇ, ಕೈ ಬೆಚ್ಚಗಾಗುವವರೆಗೆ ಕಾಯದೆ, ಎರಡೂ ಗವಸುಗಳ ಪ್ರತಿಯೊಂದು ಬೆರಳಿನೊಳಗೆ ಒಣ ಟಿಶ್ಯೂ ಕಾಗದವನ್ನು ತುದಿಮುಟ್ಟ ತುರುಕಿ, ಹೊರಗಿನಿಂದ ಒತ್ತಿ, ಹೊರತೆಗೆದು ನೋಡಿ.

ನೈಟ್ರೈಲ್ ತೊಟ್ಟ ಕೈಯ ಗವಸು ಒಳಗೆ ಒಣಗಿದ್ದು, ಇನ್ನೊಂದು ಒದ್ದೆಯಾಗಿದ್ದರೆ ಆ ತೇವ ಬೆವರಿನದು. ನೈಟ್ರೈಲ್ ಪದರವು ಬೆವರನ್ನು ಅಸ್ತರಿಗೆ ಹೋಗದಂತೆ ತಡೆದಿದೆ. ಎರಡೂ ಗವಸುಗಳ ಅಸ್ತರು ಒದ್ದೆಯಾಗಿದ್ದರೆ ನೀರು ಹೊರಗಿನಿಂದ ಬಂದಿದೆ, ಏಕೆಂದರೆ ನೈಟ್ರೈಲ್ ಇರುವ ಕೈಯ ಅಸ್ತರಿಗೆ ಬೆವರು ತಲುಪುವ ದಾರಿಯೇ ಇಲ್ಲ. ಎರಡೂ ಒಣಗಿದ್ದು ಕೈ ಮಾತ್ರ ತಣ್ಣಗಿದ್ದರೆ ತೇವದ ಮಾತನ್ನೇ ಬಿಟ್ಟು ಅಳತೆ, ಗಾಳಿ ಮತ್ತು ಮೈಶಾಖದ ಕಡೆ ನೋಡಬೇಕು. ಸವಾರಿಯ ನಡುವೆ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇಳಿಜಾರಿನಲ್ಲಿ ನೈಟ್ರೈಲ್ ಇರುವ ಕೈ ಇನ್ನೊಂದಕ್ಕಿಂತ ಸ್ಪಷ್ಟವಾಗಿ ಬೆಚ್ಚಗಿದೆ ಎನಿಸಿದರೆ, ಬೆವರು ಆವಿಯಾಗಿ ಶಾಖ ಕದಿಯುವುದೇ ನಿಮ್ಮ ಮುಖ್ಯ ತೊಂದರೆ ಎಂಬುದಕ್ಕೆ ಅದು ಎರಡನೆಯ ಸಾಕ್ಷಿ. ಈ ಪರೀಕ್ಷೆಯನ್ನು ಮಂಜಿಲ್ಲದ ಬೆಳಿಗ್ಗೆ ಒಮ್ಮೆ, ಮಂಜು ಸುರಿಯುವ ಬೆಳಿಗ್ಗೆ ಒಮ್ಮೆ ಮಾಡಿದರೆ ತೀರ್ಮಾನ ಗಟ್ಟಿಯಾಗುತ್ತದೆ.

ಹೊರಗಿನ ನೀರು ಎಲ್ಲಿಂದ ಬರುತ್ತಿದೆ

ಹೊರಗಿನ ನೀರೇ ಕಾರಣವೆಂದು ತಿಳಿದ ಮೇಲೂ ಗವಸು ಹಾಳಾಗಿದೆ ಎಂದು ತೀರ್ಮಾನಿಸಬೇಡಿ. ಬಹಳಷ್ಟು ಬಾರಿ ನೀರು ಬಟ್ಟೆಯ ಮೂಲಕ ಬರುವುದಿಲ್ಲ, ಮಣಿಕಟ್ಟಿನ ಬಾಯಿಯಿಂದ ಇಳಿಯುತ್ತದೆ. ಸೈಕಲ್ ಮೇಲೆ ಕೂತಾಗ ಮೊಣಕೈ ಮೇಲೆ, ಬೆರಳು ಕೆಳಗೆ ಇರುತ್ತದೆ. ಜರ್ಕಿನ್ನಿನ ತೋಳಿನ ಮೇಲೆ ಬಿದ್ದ ನೀರು ಹಾಗೇ ಜಾರಿ ಗವಸಿನ ಬಾಯಿಗೆ ಸೇರುತ್ತದೆ. ತೋಳು ಗವಸಿನ ಒಳಗೆ ಸೇರಿದ್ದರೆ ಗವಸು ಎಷ್ಟೇ ಉತ್ತಮವಾಗಿದ್ದರೂ ಬೆರಳಿನ ತುದಿಯಲ್ಲಿ ನೀರು ನಿಲ್ಲುತ್ತದೆ. ಸೈಕಲ್ ಸವಾರನಿಗೆ ತೋಳು ಗವಸಿನ ಮೇಲೆ ಬರುವಂತೆ, ಗವಸಿನ ಬಾಯಿ ಉದ್ದವಾಗಿಯೂ ತೆಳುವಾಗಿಯೂ ಇರುವಂತೆ ನೋಡಿಕೊಳ್ಳುವುದು ಸರಿ. ಇದನ್ನು ಸರಿಪಡಿಸಲು ಖರ್ಚಿಲ್ಲ, ಆದ್ದರಿಂದ ಮೊದಲು ಇದನ್ನೇ ಸರಿಪಡಿಸಿ ಮತ್ತೆ ಪರೀಕ್ಷಿಸಿ.

ಅದಾದ ಮೇಲೂ ಒದ್ದೆಯಾದರೆ ಬಕೆಟ್ ಪರೀಕ್ಷೆ ಮಾಡಬೇಕು. ಒಣಗಿದ ಕೈಗೆ ಟಿಶ್ಯೂ ಕಾಗದ ಸುತ್ತಿ, ಗವಸು ತೊಟ್ಟು, ಮಣಿಕಟ್ಟಿನ ಬಾಯಿ ಮುಳುಗದಂತೆ ಬಕೆಟ್ಟಿನ ನೀರಿನಲ್ಲಿ ಕೈಯನ್ನು ಹತ್ತು ನಿಮಿಷ ಇಟ್ಟು, ನಡುನಡುವೆ ಹ್ಯಾಂಡಲ್ ಹಿಡಿದಂತೆ ಮುಷ್ಟಿ ಬಿಗಿದು ಬಿಡಿ. ಮುಷ್ಟಿ ಬಿಗಿಯುವುದು ಮುಖ್ಯ. ಚಾಚಿದ ಬೆರಳಿನಲ್ಲಿ ಮುಚ್ಚಿರುವ ಹೊಲಿಗೆಯ ರಂಧ್ರ ಮಡಚಿದ ಬೆರಳಿನಲ್ಲಿ ತೆರೆದುಕೊಳ್ಳುತ್ತದೆ. ಕೈ ತೆಗೆದಾಗ ಕಾಗದದಲ್ಲಿ ಕಲೆ ಎಲ್ಲಿದೆಯೋ ಅಲ್ಲಿಯೇ ದೋಷವಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿಯನ್ನು ವಿಶೇಷವಾಗಿ ನೋಡಿ. ಹ್ಯಾಂಡಲ್ ಉಜ್ಜುವುದು ಅಲ್ಲಿಯೇ, ಹೊಲಿಗೆಗಳು ಕೂಡುವುದೂ ಅಲ್ಲಿಯೇ, ಹೆಚ್ಚಿನ ಗವಸುಗಳು ಮೊದಲು ಸವೆಯುವುದೂ ಅಲ್ಲಿಯೇ.

ರಂಧ್ರವನ್ನು ಇನ್ನೂ ನಿಖರವಾಗಿ ಹುಡುಕಬೇಕಾದರೆ ಖಾಲಿ ಗವಸಿನ ಬಾಯಿಯನ್ನು ಗಾಳಿ ಸಿಕ್ಕಿಕೊಳ್ಳುವಂತೆ ಸುರುಳಿ ಸುತ್ತಿ, ನೀರಿನೊಳಗೆ ಅದುಮಿ ಹಿಡಿಯಿರಿ. ಸೈಕಲ್ ಅಂಗಡಿಯವರು ಟ್ಯೂಬಿನ ಪಂಕ್ಚರ್ ಹುಡುಕುವ ಕ್ರಮವೇ ಇದು. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು: ಹೊರಬಟ್ಟೆ ಮತ್ತು ನೀರು ತಡೆಯುವ ಒಳಪೊರೆಯ ನಡುವೆ ಸಿಕ್ಕಿದ್ದ ಗಾಳಿ ಮೊದಲ ಕೆಲವು ಕ್ಷಣ ಎಲ್ಲ ಕಡೆಯಿಂದಲೂ ಗುಳ್ಳೆಯಾಗಿ ಬರುತ್ತದೆ, ಅದು ದೋಷವಲ್ಲ. ಅವೆಲ್ಲ ನಿಂತ ಮೇಲೂ ಒಂದೇ ಜಾಗದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಬರುತ್ತಲೇ ಇದ್ದರೆ ಪೊರೆ ಅಲ್ಲಿ ಹರಿದಿದೆ. ಹೊರಗಿನ ಹೊಲಿಗೆಯಲ್ಲಿ ರಂಧ್ರವಿದ್ದರೆ ಹೊಲಿಗೆ ಮುಚ್ಚುವ ಅಂಟಿನಿಂದ ಸರಿಪಡಿಸಬಹುದು. ಒಳಗಿನ ಪೊರೆ ಹರಿದಿದ್ದರೆ ಹೊರಗಿನಿಂದ ಅಂಟು ಹಚ್ಚಿ ಪ್ರಯೋಜನವಿಲ್ಲ. ಆ ಗವಸನ್ನು ಮಂಜಿಲ್ಲದ ದಿನಗಳಿಗೆ ಮೀಸಲಿಡುವುದು ಒಳ್ಳೆಯದು.

ಪೊರೆಯ ಗವಸಿನ ರಚನೆಯನ್ನು ತಿಳಿದುಕೊಂಡರೆ ಮುಂದಿನ ದೋಷವೂ ಅರ್ಥವಾಗುತ್ತದೆ. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಅವರು ಬಿಸಿಯಾದ ಪಿಟಿಎಫ್‌ಇ ಪ್ಲಾಸ್ಟಿಕ್ಕನ್ನು ಥಟ್ಟನೆ ಎಳೆದು, ಅತಿ ಸೂಕ್ಷ್ಮ ರಂಧ್ರಗಳಿರುವ ಪೊರೆಯನ್ನು ಪಡೆದರು. ಗೋರ್-ಟೆಕ್ಸ್ ಎಂಬ ಹೆಸರಿನಲ್ಲಿ ಬಂದ ಬಟ್ಟೆಗಳ ಮೂಲ ಅದು. ನೀರಿನ ಹನಿ ಆ ರಂಧ್ರದಲ್ಲಿ ನುಗ್ಗಲಾರದು, ನೀರಾವಿ ನುಗ್ಗಬಲ್ಲದು. ಪಾಲಿಯುರಿಥೇನ್ ಪೊರೆಗಳೂ ಬೇರೊಂದು ವಿಧಾನದಲ್ಲಿ ಇದೇ ಕೆಲಸ ಮಾಡುತ್ತವೆ. ಬಹುಪಾಲು ಗವಸುಗಳಲ್ಲಿ ಈ ಪೊರೆ ಹೊರಬಟ್ಟೆ ಮತ್ತು ಅಸ್ತರಿನ ನಡುವೆ ಕೈಯ ಆಕಾರದ ಒಂದು ಚೀಲವಾಗಿ ಕೂತಿರುತ್ತದೆ. ಅಂದರೆ ಹೊರಬಟ್ಟೆ ನೀರನ್ನು ತಡೆಯುವುದಿಲ್ಲ, ಅದರ ಮೇಲಿನ ನೀರು ಜಾರಿಸುವ ಲೇಪ ಮಾತ್ರ ಸ್ವಲ್ಪ ಕಾಲ ತಡೆಯುತ್ತದೆ.

ಆ ಲೇಪ ಸವೆದಾಗ ಗವಸು ಸೋರದಿದ್ದರೂ ಸೋರಿದಂತೆ ತೋರುತ್ತದೆ. ಹೊರಬಟ್ಟೆ ನೀರು ಕುಡಿದು ಭಾರವಾಗಿ ತಣ್ಣಗಾಗುತ್ತದೆ, ಪೊರೆಯ ಒಳಮೈಯೂ ತಣ್ಣಗಾಗುತ್ತದೆ, ಕೈಯಿಂದ ಹೊರಟ ಆವಿ ಅಲ್ಲಿಯೇ ಹನಿಗಟ್ಟುತ್ತದೆ. ಇದನ್ನು ಗುರುತಿಸಲು ಗವಸಿನ ಹಿಂಬದಿಗೆ ಒಂದು ಚಮಚ ನೀರು ಸುರಿಯಿರಿ. ನೀರು ಮಣಿಯಾಗಿ ಉರುಳಿದರೆ ಲೇಪ ಚೆನ್ನಾಗಿದೆ. ಹರಡಿಕೊಂಡು ಬಟ್ಟೆಯ ಬಣ್ಣ ಕಪ್ಪಾದರೆ ಲೇಪ ಹೋಗಿದೆ ಅಥವಾ ಕೊಳೆ ಅದನ್ನು ಮುಚ್ಚಿದೆ. ಸೌಮ್ಯವಾದ ದ್ರವ ಸೋಪಿನಿಂದ ತೊಳೆದು, ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ, ಒಣಗಿಸಿ, ತಯಾರಕರ ಚೀಟಿಯಲ್ಲಿ ಒಪ್ಪಿಗೆಯಿದ್ದರೆ ಸಣ್ಣ ಶಾಖ ಕೊಟ್ಟರೆ ಲೇಪ ಅನೇಕ ಬಾರಿ ಮರಳುತ್ತದೆ. ಮರಳದಿದ್ದರೆ ನೀರು ಜಾರಿಸುವ ಸ್ಪ್ರೇಯನ್ನು ಹೊರಬಟ್ಟೆಗೆ ಮಾತ್ರ ಹಚ್ಚಬೇಕು. ಬಟ್ಟೆ ಮೆದುವಾಗಲೆಂದು ಬಳಸುವ ಕಂಡಿಷನರ್ ದ್ರವವನ್ನು ಎಂದಿಗೂ ಹಾಕಬಾರದು, ಅದು ಲೇಪದ ಗುಣವನ್ನೇ ಕೆಡಿಸುತ್ತದೆ.

ಒಳಗಿನ ಬೆವರು

ಪರೀಕ್ಷೆಯಲ್ಲಿ ಬೆವರೇ ಕಾರಣವೆಂದು ಕಂಡರೆ, ಮತ್ತು ನಮ್ಮಲ್ಲಿ ಹೆಚ್ಚಿನವರಿಗೆ ಹಾಗೆಯೇ ಕಾಣುತ್ತದೆಂದು ನಾನು ನಂಬುತ್ತೇನೆ, ಪರಿಹಾರವು ತೊಡುವ ಕ್ರಮದಲ್ಲಿದೆ. ಏರು ಶುರುವಾಗುವ ಮೊದಲೇ ದಪ್ಪ ಗವಸನ್ನು ತೆಗೆದು ಜೇಬಿಗೆ ಹಾಕಿ, ತೆಳು ಗವಸಿನಲ್ಲಿ ಅಥವಾ ಬರಿಗೈಯಲ್ಲಿ ಏರಬೇಕು. ಕೈ ಬೆವರಿದ ಮೇಲೆ ತೆಗೆದರೆ ತಡವಾಯಿತು. ಅಸ್ತರು ಆಗಲೇ ತೇವ ಕುಡಿದಿರುತ್ತದೆ, ಜೇಬಿನಲ್ಲಿ ಅದು ಒಣಗುವುದಿಲ್ಲ. ಏರಿನ ತುದಿಯಲ್ಲಿ ನಿಂತು, ಕೈಯನ್ನು ಒಣ ಬಟ್ಟೆಯಿಂದ ಒರಸಿ, ಒಣಗಿದ ಗವಸನ್ನು ತೊಟ್ಟು ಇಳಿಯಬೇಕು. ತಲಕಾವೇರಿಯಿಂದ ಇಳಿಯುವವರಿಗೂ ಮಡಿಕೇರಿಯಿಂದ ಸುಂಟಿಕೊಪ್ಪ, ಕುಶಾಲನಗರದ ಕಡೆಗೆ ಇಳಿಯುವವರಿಗೂ ಈ ಎರಡು ನಿಮಿಷದ ನಿಲುಗಡೆ ಬೆಲೆಬಾಳುವ ಯಾವ ಪೊರೆಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಪೊರೆ ಉಸಿರಾಡುತ್ತದೆ ಎಂಬ ಮಾತನ್ನು ನಂಬಿ ಏರಿನಲ್ಲೂ ಅದನ್ನೇ ತೊಡುವವರಿದ್ದಾರೆ. ಆವಿ ಪೊರೆಯನ್ನು ದಾಟುವುದು ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದಾಗ ಮಾತ್ರ, ಮತ್ತು ಆ ವ್ಯತ್ಯಾಸ ಎಷ್ಟು ದೊಡ್ಡದೋ ಅಷ್ಟು ವೇಗವಾಗಿ. ಒಣಹವೆಯ ನಾಡಿನಲ್ಲಿ ವ್ಯತ್ಯಾಸ ದೊಡ್ಡದು. ಗಾಳಿಯೇ ನೀರಿನಿಂದ ತುಂಬಿರುವ ನಮ್ಮ ಮಂಜಿನಲ್ಲಿ ಅದು ಕುಗ್ಗುತ್ತದೆ, ಮುಂಗಾರಿನ ನಡುವೆ ಬರುವ ಕಕ್ಕಡ ಮಾಸದ ಮಳೆಯಲ್ಲಿ ಹವೆ ಬೆಚ್ಚಗೂ ಇರುವುದರಿಂದ ಇನ್ನಷ್ಟು ಕುಗ್ಗುತ್ತದೆ. ಪೊರೆಯನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಅದರಿಂದ ಆಗದ ಕೆಲಸವನ್ನು ಅದರಿಂದ ನಿರೀಕ್ಷಿಸಬಾರದು, ಅಷ್ಟೇ.

ಬೆವರುವ ಕೈಗೆ ಒಳಪದರವಾಗಿ ತೆಳುವಾದ ಉಣ್ಣೆ ಉತ್ತಮ. ಉಣ್ಣೆಯು ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಕುಡಿದ ಮೇಲೂ ಕೈಗೆ ಒದ್ದೆಯೆನಿಸುವುದಿಲ್ಲ. ಹತ್ತಿಯ ಗವಸು ತೇವವನ್ನು ಚರ್ಮಕ್ಕೆ ಅಂಟಿಸಿಯೇ ಇಡುತ್ತದೆ, ಚಳಿಗೆ ಅದು ಬೇಡ. ಬೈಲುಕುಪ್ಪೆಯ ಅಂಗಡಿಗಳಲ್ಲಿ ಸಿಗುವ ಹೆಣೆದ ಗವಸುಗಳು ಒಳಪದರಕ್ಕೆ ಚೆನ್ನಾಗಿ ಒದಗುತ್ತವೆ, ಆದರೆ ಕೊಳ್ಳುವಾಗ ಉಣ್ಣೆಯೋ ಅಕ್ರಿಲಿಕ್ಕೋ ಎಂದು ಕೇಳಿ ತಿಳಿದುಕೊಳ್ಳಿ. ಅವನ್ನೇ ಹೊರಪದರವಾಗಿ ತೊಟ್ಟು ಇಳಿಜಾರಿಗೆ ಹೋದರೆ ಗಾಳಿಗೆ ಅವು ತಡಿಕೆಯ ಬಾಗಿಲಿದ್ದಂತೆ.

ಒಣಗಿದ್ದರೂ ತಣ್ಣಗಿರುವ ಕೈ

ಗವಸು ಒಣಗಿದೆ, ಗಾಳಿ ನುಗ್ಗುತ್ತಿಲ್ಲ, ಆದರೂ ಬೆರಳು ತಣ್ಣಗಿದೆ ಎಂದಾದರೆ ಅಳತೆಯನ್ನು ನೋಡಿ. ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯೊಳಗೆ ನಿಂತ ಗಾಳಿ. ಬಿಗಿ ಗವಸಿನಲ್ಲಿ ಆ ಗಾಳಿಗೆ ಜಾಗವಿಲ್ಲ, ಮೇಲಾಗಿ ರಕ್ತದ ಓಡಾಟಕ್ಕೂ ಅಡ್ಡಿ. ಅಂಗಡಿಯಲ್ಲಿ ಕೈ ಚಾಚಿ ನೋಡಿದರೆ ಈ ದೋಷ ಕಾಣುವುದಿಲ್ಲ. ಹ್ಯಾಂಡಲ್ ಹಿಡಿದಂತೆ ಮುಷ್ಟಿ ಕಟ್ಟಿ, ಎರಡು ಬೆರಳನ್ನು ಬ್ರೇಕ್ ಲಿವರಿಗೆ ಚಾಚಿದಂತೆ ಚಾಚಿ. ಆಗ ಬೆರಳ ತುದಿಗೆ ಗವಸಿನ ತುದಿ ತಗುಲಿ ಎಳೆದರೆ ಅದು ಚಿಕ್ಕದು. ಒಳಗೆ ತೆಳು ಉಣ್ಣೆ ಗವಸು ತೊಡುವ ಉದ್ದೇಶವಿದ್ದರೆ ಅದನ್ನು ಜೊತೆಗೆ ಒಯ್ದು, ತೊಟ್ಟೇ ಅಳತೆ ನೋಡಿ. ಮಣಿಕಟ್ಟಿನ ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟುವ ಅಭ್ಯಾಸವಿದ್ದರೆ ಅದನ್ನೂ ಸಡಿಲಿಸಿ ಪರೀಕ್ಷಿಸಿ.

ಬೇರೊಂದು ಕಾರಣ ಕೈಯಿಂದ ದೂರವಿದೆ. ಎದೆ, ಹೊಟ್ಟೆಯ ಶಾಖ ಕಡಿಮೆಯಾಗತೊಡಗಿದರೆ ದೇಹವು ಒಳಗಿನ ಅಂಗಗಳನ್ನು ಕಾಪಾಡಲು ಬೆರಳುಗಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಆಗ ಗವಸು ಉಳಿಸಿಕೊಳ್ಳಬೇಕಾದ ಶಾಖವೇ ಬೆರಳಿಗೆ ಬರುವುದಿಲ್ಲ. ಇಳಿಜಾರಿಗೆ ಮೊದಲು ಎದೆಗೆ ಗಾಳಿ ತಡೆಯುವ ಒಂದು ತೆಳು ಜರ್ಕಿನ್ ತೊಟ್ಟು, ಕತ್ತಿಗೆ ಬಟ್ಟೆ ಸುತ್ತಿ, ಅದೇ ಗವಸಿನಲ್ಲಿ ಇಳಿದು ನೋಡಿ. ಕೈಯಲ್ಲಿ ವ್ಯತ್ಯಾಸ ಕಂಡರೆ ದೋಷ ಗವಸಿನದಾಗಿರಲಿಲ್ಲ. ತಂಬಾಕು ಸೇವನೆಯೂ ಬೆರಳಿನ ರಕ್ತನಾಳಗಳನ್ನು ಕಿರಿದಾಗಿಸುತ್ತದೆ ಎಂಬುದನ್ನು ಸೇದುವವರು ಗಮನಿಸಬೇಕು.

ಎರಡು ಬೆರಳು ಮಾತ್ರ, ಅಂದರೆ ಬ್ರೇಕ್ ಮೇಲೆ ಸದಾ ಇಡುವ ಬೆರಳುಗಳು ಮಾತ್ರ ತಣ್ಣಗಾಗುತ್ತಿದ್ದರೆ ಲಿವರನ್ನು ಮುಟ್ಟಿ ನೋಡಿ. ಅಲ್ಯುಮಿನಿಯಂ ಶಾಖವನ್ನು ಬಹುಬೇಗ ಎಳೆದುಕೊಳ್ಳುತ್ತದೆ. ಹಳೆಯ ಟ್ಯೂಬಿನ ಒಂದು ತುಂಡನ್ನು ಕತ್ತರಿಸಿ ಲಿವರಿನ ಮೇಲೆ ಬಿಗಿಯಾಗಿ ತೊಡಿಸಿದರೆ ಈ ದೋಷ ಮಾಯವಾಗುತ್ತದೆ, ಒದ್ದೆಯಲ್ಲಿ ಹಿಡಿತವೂ ಹೆಚ್ಚುತ್ತದೆ. ಲಿವರು ಪೂರ್ತಿ ಎಳೆಯಲು ಮತ್ತು ಮರಳಲು ಟ್ಯೂಬು ಅಡ್ಡಿಯಾಗದಂತೆ ಮಾತ್ರ ನೋಡಿಕೊಳ್ಳಬೇಕು.

ಜೋಮು ಬೇರೆ, ಚಳಿ ಬೇರೆ

ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದು, ಉಳಿದವು ಸರಿಯಾಗಿದ್ದರೆ, ಅದೂ ಬಿಸಿಲಿನಲ್ಲೂ ಹಾಗಾಗುತ್ತಿದ್ದರೆ, ಮಣಿಕಟ್ಟಿನ ಕಿರುಬೆರಳಿನ ಬದಿಯಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಹ್ಯಾಂಡಲ್ ಒತ್ತುತ್ತಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮಿದ್ದರೆ ಒತ್ತಡ ಮೀಡಿಯನ್ ನರದ ಮೇಲಿದೆ. ಯಾವ ಬೆಚ್ಚನೆಯ ಗವಸೂ ಇದನ್ನು ಗುಣಪಡಿಸದು. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈಭಾರವೆಲ್ಲ ಕೈಗೆ ಬೀಳುತ್ತದೆ, ಅದನ್ನು ಸಮವಾಗಿಸಿ. ಹ್ಯಾಂಡಲನ್ನು ತುಸು ಎತ್ತರಿಸಿ. ಸವಾರಿಯಲ್ಲಿ ಆಗಾಗ ಹಿಡಿತ ಬದಲಿಸಿ. ಜೋಮು ಸವಾರಿ ಮುಗಿದ ಮೇಲೂ ಉಳಿದರೆ ಅಥವಾ ಬೆರಳಿನ ಬಲ ಕುಂದಿದರೆ ವೈದ್ಯರಲ್ಲಿ ತೋರಿಸಬೇಕು.

ಸಾಧಾರಣ ಚಳಿಗೇ ಬೆರಳುಗಳು ಗೆರೆ ಎಳೆದಂತೆ ಬಿಳಿಚಿಕೊಂಡು, ನಂತರ ನೀಲಿಯಾಗಿ, ಬೆಚ್ಚಗಾಗುವಾಗ ಕೆಂಪಾಗಿ ಉರಿಯುತ್ತಿದ್ದರೆ ಅದು 1862ರಲ್ಲಿ ಫ್ರಾನ್ಸಿನ ವೈದ್ಯ ಮೊರೀಸ್ ರೇನೋ ವಿವರಿಸಿದ ಸ್ಥಿತಿಯಾಗಿರಬಹುದು. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಔಷಧಿಗಳಿಂದಲೂ ಕೈ ತಣ್ಣಗಾಗುವುದುಂಟು. ಇಂಥ ಲಕ್ಷಣ ಕಂಡವರು ಔಷಧಿಯನ್ನು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು, ಗವಸಿನ ಆಯ್ಕೆಯಲ್ಲೂ ಉಳಿದವರಿಗಿಂತ ಒಂದು ಹಂತ ಹೆಚ್ಚು ಬೆಚ್ಚನೆಯದನ್ನು ನೋಡಬೇಕು.

ಕಾರಣ ತಿಳಿದ ಮೇಲೆ ಕೊಳ್ಳುವುದು

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಸವಾರಿ ಮಾಡುವ ಹೆಚ್ಚಿನವರಿಗೆ ಹಿಂಬದಿಯಲ್ಲಿ ಗಾಳಿ ತಡೆಯುವ ಬಟ್ಟೆ, ಅಂಗೈಯಲ್ಲಿ ತೆಳುವಾದ ಹಿಡಿತದ ಬಟ್ಟೆ, ಒಳಗೆ ಹಗುರ ಅಸ್ತರು ಇರುವ ಗವಸು ಸಾಕು. ಗಾಳಿ ಹೊಡೆಯುವುದು ಕೈಯ ಹಿಂಬದಿಗೆ ಮತ್ತು ಬೆರಳಿನ ಮುಂಭಾಗಕ್ಕೆ. ಅಂಗೈ ಹ್ಯಾಂಡಲಿಗೆ ಒತ್ತಿಕೊಂಡಿರುತ್ತದೆ. ಅಂಗೈಯೂ ದಪ್ಪವಾಗಿದ್ದರೆ ಹಿಡಿಯ ಸುತ್ತಳತೆ ಹೆಚ್ಚಿ ಮುಂಗೈ ದಣಿಯುತ್ತದೆ, ಲಿವರಿನ ಸ್ಪರ್ಶವೂ ಮಂಕಾಗುತ್ತದೆ. ಮಂಜಿನ ಹನಿಗೆ ನೀರು ಜಾರಿಸುವ ಲೇಪವೊಂದಿದ್ದರೆ ಸಾಮಾನ್ಯವಾಗಿ ಸಾಲುತ್ತದೆ.

ಪೂರ್ತಿ ನೀರು ತಡೆಯುವ ಗವಸು ಬೇಕಾಗುವುದು ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಯ ದಿನಗಳಲ್ಲಿ ಮತ್ತು ಮುಂಗಾರಿನಲ್ಲಿ. ಕೊಳ್ಳುವಾಗ ಚೀಟಿಯಲ್ಲಿ ಇಎನ್ 511 ಎಂಬ ಐರೋಪ್ಯ ಮಾನದ ಗುರುತು, ಅಂದರೆ ಹಿಮದ ಹೂವಿನ ಚಿತ್ರ, ಇದೆಯೇ ನೋಡಿ. ಅದರ ಕೆಳಗೆ ಮೂರು ಅಂಕಿಗಳಿರುತ್ತವೆ. ಮೊದಲನೆಯದು ಗಾಳಿಯಿಂದ ಬರುವ ಚಳಿಗೆ, ಎರಡನೆಯದು ತಣ್ಣನೆಯ ವಸ್ತುವನ್ನು ಮುಟ್ಟಿದಾಗಿನ ಚಳಿಗೆ, ಎರಡೂ 0ಯಿಂದ 4ರವರೆಗೆ. ಮೂರನೆಯದು ನೀರಿಗೆ, 1 ಎಂದಿದ್ದರೆ ಪರೀಕ್ಷೆಯಲ್ಲಿ 30 ನಿಮಿಷ ನೀರು ನುಗ್ಗಿಲ್ಲ ಎಂದರ್ಥ, 0 ಎಂದಿದ್ದರೆ ನುಗ್ಗಿದೆ. ಅಂಕಿಯ ಬದಲು ಎಕ್ಸ್ ಇದ್ದರೆ ಆ ಪರೀಕ್ಷೆ ಮಾಡಿಲ್ಲ. ಸೈಕಲ್ ಗವಸುಗಳಲ್ಲಿ ಈ ಗುರುತು ಎಲ್ಲದರಲ್ಲೂ ಇರುವುದಿಲ್ಲ, ಕೆಲಸಗಾರರ ಗವಸುಗಳಲ್ಲಿ ಹೆಚ್ಚು ಕಾಣುತ್ತದೆ. 30 ನಿಮಿಷದ ಭರವಸೆಯನ್ನು ನಾಪೋಕ್ಲಿನಿಂದ ಮಡಿಕೇರಿಯವರೆಗಿನ ಮಳೆಗೆ ಅನ್ವಯಿಸಿಕೊಳ್ಳುವ ಮುನ್ನ ಸವಾರಿಯ ಹೊತ್ತನ್ನೂ ಲೆಕ್ಕಕ್ಕೆ ತಂದುಕೊಳ್ಳಿ.

ಮುಂಗಾರಿನ ದೀರ್ಘ ಸವಾರಿಗೆ ನಿಯೋಪ್ರೀನ್ ಎಂಬ ಮೆತ್ತನೆಯ ರಬ್ಬರಿನ ಗವಸು ಪೊರೆಯ ಗವಸಿಗಿಂತ ಮೇಲೆಂದು ನನ್ನ ಅಭಿಪ್ರಾಯ. ಅದು ಕೈಯನ್ನು ಒಣಗಿಸಿ ಇಡುವುದಿಲ್ಲ, ಒದ್ದೆಯಾಗಿಯೇ ಬೆಚ್ಚಗಿಡುತ್ತದೆ. ಮಳೆಯಲ್ಲೂ ಹವೆ ತೀರಾ ತಣ್ಣಗಿಲ್ಲದ ನಮ್ಮಲ್ಲಿ ಅಷ್ಟು ಸಾಕು. ಹೆಚ್ಚು ಹಣ ಹಾಕಲು ಇಷ್ಟವಿಲ್ಲದವರು ಉಣ್ಣೆಯ ತೆಳು ಗವಸಿನ ಮೇಲೆ, ಪಾತ್ರೆ ತೊಳೆಯಲು ಬಳಸುವ ದೊಡ್ಡ ಅಳತೆಯ ರಬ್ಬರ್ ಗ್ಲೌಸ್ ತೊಟ್ಟು ಇಳಿಜಾರನ್ನು ಇಳಿಯಬಹುದು. ಗಾಳಿಯೂ ನೀರೂ ಅದರಲ್ಲಿ ಚೂರೂ ನುಗ್ಗುವುದಿಲ್ಲ, ಹಿಡಿತವೂ ಚೆನ್ನ. ಆದರೆ ಬೆವರಿಗೂ ಹೊರದಾರಿಯಿಲ್ಲವಾದ್ದರಿಂದ ಏರಿನಲ್ಲಿ ಅದನ್ನು ತೆಗೆಯಲೇಬೇಕು. ಎರಡೆರಡು ಬೆರಳು ಒಟ್ಟಿಗೆ ಸೇರುವ ಗವಸುಗಳು ಬೆರಳುಗಳಿಗೆ ಪರಸ್ಪರ ಶಾಖ ಕೊಡಿಸುವುದರಿಂದ ಹೆಚ್ಚು ಬೆಚ್ಚಗಿರುತ್ತವೆ. ನಮ್ಮ ಚಳಿಗೆ ಅವು ರೇನೋ ತೊಂದರೆಯಿರುವವರನ್ನು ಬಿಟ್ಟು ಉಳಿದವರಿಗೆ ಅಗತ್ಯವಿಲ್ಲ.

ಅಸ್ತರು ಕಿತ್ತು ಬರುವುದು, ಬೂಷ್ಟು ಹಿಡಿಯುವುದು

ಒದ್ದೆ ಕೈಯನ್ನು ಒಂದೇ ಸಲಕ್ಕೆ ಎಳೆದರೆ ಅಸ್ತರು ಕೈಗಂಟಿ ಹೊರಬರುತ್ತದೆ, ಬೆರಳ ತುದಿಯಲ್ಲಿ ಅದನ್ನು ಹಿಡಿದಿರುವ ಸಣ್ಣ ಹೊಲಿಗೆ ಕಿತ್ತುಹೋಗುತ್ತದೆ. ಆ ಮೇಲೆ ಬೆರಳು ತುದಿಮುಟ್ಟ ಸೇರುವುದಿಲ್ಲ, ಅಳತೆ ಚಿಕ್ಕದಾದಂತೆ ತೋರುತ್ತದೆ. ಪ್ರತಿ ಬೆರಳಿನ ತುದಿಯನ್ನು ಇನ್ನೊಂದು ಕೈಯಿಂದ ಹಿಡಿದು, ಒಂದೊಂದಾಗಿ ಸಡಿಲಿಸಿ ತೆಗೆಯಬೇಕು. ಅಸ್ತರು ಹೊರಬಂದಿದ್ದರೆ ಪೂರ್ತಿ ಒಣಗಿದ ಮೇಲೆ ಮೊಂಡಾದ ಕಡ್ಡಿಯಿಂದ ಒಳಕ್ಕೆ ಸರಿಸಬಹುದು. ಹಸಿಯಾಗಿರುವಾಗ ಸರಿಸಲು ಹೋದರೆ ಪೊರೆ ಹರಿಯುವ ಸಂಭವವಿದೆ.

ಒಣಗಿಸುವುದು ಕೊಡಗಿನಲ್ಲಿ ದೊಡ್ಡ ಕೆಲಸವೇ. ಬಚ್ಚಲ ಹಂಡೆಯ ಒಲೆಯ ಪಕ್ಕದಲ್ಲಿ ಗವಸನ್ನು ಒರಗಿಸಿಡುವ ರೂಢಿ ಅನೇಕ ಮನೆಗಳಲ್ಲಿದೆ. ನೇರ ಉರಿಯ ಶಾಖಕ್ಕೆ ಚರ್ಮ ಬಿರಿಯುತ್ತದೆ, ಹೊಲಿಗೆಯ ಮೇಲಿನ ಅಂಟುಪಟ್ಟಿ ಬಿಡುತ್ತದೆ. ಒಲೆಯಿಂದ ಕೈ ಸುಡದಷ್ಟು ದೂರದಲ್ಲಿ, ಬಾಯಿ ಕೆಳಗಾಗಿ ನೇತುಹಾಕಿ, ಒಳಗೆ ಹಳೆಯ ಪತ್ರಿಕೆಯ ಕಾಗದವನ್ನು ಸಡಿಲವಾಗಿ ತುಂಬಿ, ಕಾಗದ ತೇವಗೊಂಡಂತೆಲ್ಲ ಬದಲಿಸಿ. ಹಿಂಡಬಾರದು, ಮಡಿಸಿದ ಬಟ್ಟೆಯ ನಡುವೆ ಒತ್ತಿ ನೀರು ತೆಗೆಯಬೇಕು. ಮುಟ್ಟಿದಾಗ ಹೊರಗೆ ಒಣಗಿದಂತಿದ್ದರೂ ಬೆರಳ ತುದಿಯ ಅಸ್ತರು ಎಲ್ಲಕ್ಕಿಂತ ಕೊನೆಗೆ ಒಣಗುತ್ತದೆ. ಟಿಶ್ಯೂ ಕಾಗದ ತುರುಕಿ ನೋಡದೆ ಪೆಟ್ಟಿಗೆಗೆ ಸೇರಿಸಿದ ಗವಸಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಅಲ್ಲಿಂದಲೇ. ಬೂಷ್ಟಿನ ವಾಸನೆ ಬಂದ ಗವಸನ್ನು ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಸೌಮ್ಯ ಸೋಪಿನಲ್ಲಿ ತೊಳೆದು, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಚರ್ಮದ ಗವಸಾದರೆ ನೆನೆಸದೆ, ಒದ್ದೆ ಬಟ್ಟೆಯಿಂದ ಒರಸಿ ಒಣಗಿಸುವುದು ಸರಿ.